ಸೀತೂರಿನ ಮೆಣಸು ಬಳ್ಳಿಯ ಹೂವು

2021ರ ಮಳೆಗಾಲ. ಎರಡನೇ ಲಾಕ್‌ಡೌನ್ ಆಗಷ್ಟೇ ಸಡಿಲವಾಗಿತ್ತು. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಕಾಲೇಜು ಮಕ್ಕಳ ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ, ಉಪನಯನ, ಗೃಹಪ್ರವೇಶ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದೇ ನನ್ನ ಕೆಲಸವಾಗಿತ್ತು. ಆ ವರ್ಷ ಕಾಲೇಜಿಗೆ ಬಾಗಿಲು, ಮದುವೆಗಳಿಗೆ ನಿರ್ಬಂಧ. ಬೆಳಿಗ್ಗೆ ಅಂಗಡಿ ತೆರೆದು ಕೂತರೆ ಮಧ್ಯಾಹ್ನದ ತನಕ ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ.

ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಒಂದು ಭಯ ಯಾವಾಗಲೂ ಇರುತ್ತದೆ. ಮಳೆಗಾಲದಲ್ಲಿ ಉಪಯೋಗಿಸದೆ ಬೀರುವಿನಲ್ಲಿಟ್ಟ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಅದರ ಎಳೆಗಳು ಒಮ್ಮೆ ಗಾಜಿನ ಮೇಲೆ ಹರಡಿದರೆ ಹೋಗುವುದು ಕಷ್ಟ. ಹಾಗಾಗಿ ಕೆಲಸವಿರಲಿ ಬಿಡಲಿ, ದಿನಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ಏನಾದರೂ ಕ್ಲಿಕ್ಕಿಸುವುದು ನನ್ನ ಪದ್ಧತಿ. ಮನುಷ್ಯರು ಸಿಗದ ಆ ದಿನಗಳಲ್ಲಿ ಸ್ಟುಡಿಯೋ ಹಿಂದಿನ ಖಾಲಿ ಜಾಗದ ಹೂಗಳೇ ನನಗೆ ಗಿರಾಕಿಗಳಾದವು. ತುಂಬೆ, ನಾಚಿಕೆಮುಳ್ಳು, ಬೇಲಿಯ ಗೌರಿಹೂವು.

ಇವನ್ನು ತೆಗೆಯಲು ನನ್ನ ಹತ್ತಿರ ದೊಡ್ಡ ಮ್ಯಾಕ್ರೋ ಲೆನ್ಸ್ ಇರಲಿಲ್ಲ. ಇದ್ದದ್ದು ಮದುವೆಗಳಲ್ಲಿ ಉಂಗುರ, ತಾಳಿಗಳ ಕ್ಲೋಸ್-ಅಪ್ ತೆಗೆಯಲು ಕೊಂಡಿದ್ದ ಎಕ್ಸ್‌ಟೆನ್ಶನ್ ಟ್ಯೂಬುಗಳು. ಹೆಸರು ದೊಡ್ಡದು, ವಸ್ತು ಸರಳ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಟೊಳ್ಳು ಬಳೆ ಅಷ್ಟೇ. ಒಳಗೆ ಗಾಜಿಲ್ಲ. ಲೆನ್ಸು ಸೆನ್ಸರಿನಿಂದ ದೂರ ಸರಿದಷ್ಟೂ ಅದು ವಸ್ತುವಿನ ಹತ್ತಿರ ಹೋಗಿ ಫೋಕಸ್ ಮಾಡಬಲ್ಲದು. ನನ್ನ ಸೆಟ್ಟಿನಲ್ಲಿ 12, 20 ಮತ್ತು 36 ಮಿಲಿಮೀಟರಿನ ಮೂರು ಬಳೆಗಳಿದ್ದವು. ಮೂರನ್ನೂ ಜೋಡಿಸಿ 50 ಎಂ.ಎಂ. ಲೆನ್ಸ್ ಹಾಕಿದರೆ ಸಾಸಿವೆ ಕಾಳು ಪರದೆಯ ಮೇಲೆ ನಿಂಬೆಹಣ್ಣಿನಂತೆ ಕಾಣುತ್ತದೆ. ಇದಕ್ಕೆ ಬದಲಾಗಿ ಕಳೆದುಕೊಳ್ಳುವುದೂ ಇದೆ. ಬೆಳಕು ಕಡಿಮೆಯಾಗುತ್ತದೆ, ದೂರದ್ದು ಯಾವುದೂ ಕಾಣುವುದಿಲ್ಲ, ಸ್ಪಷ್ಟವಾಗಿ ಮೂಡುವ ಆಳ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಉಸಿರು ಬಿಟ್ಟರೂ ಹೂವು ಫೋಕಸ್ ತಪ್ಪಿ ಹೋಗುತ್ತದೆ.

ಹಾಗೆ ತೆಗೆದ ಒಂದಷ್ಟು ಫೋಟೋಗಳನ್ನು ಪ್ರಿಂಟ್ ಹಾಕಿ ಅಂಗಡಿಯ ಗಾಜಿಗೆ ಅಂಟಿಸಿದ್ದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಪ್ರಭಾಕರ್ ಸರ್ ಅವುಗಳನ್ನು ನೋಡಿ ತಮ್ಮ ಆನ್‌ಲೈನ್ ಪಾಠಕ್ಕೆಂದು ಕೇಳಿ ತೆಗೆದುಕೊಂಡು ಹೋಗಿದ್ದರು. ಅದೇ ಫೋಟೋಗಳನ್ನು ಗಾಜಿನ ಹೊರಗೆ ನಿಂತು ಬಹಳ ಹೊತ್ತು ನೋಡಿದ ಇನ್ನೊಬ್ಬರು ಸೀತೂರಿನ ಸುಮಿತ್ರ.

ಆಕೆಗೆ ನಲವತ್ತರ ಆಸುಪಾಸು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರಿತ್ತು. ಒಳಗೆ ಬಂದು ಕವರನ್ನು ಮೇಜಿನ ಮೇಲಿಟ್ಟರು.

"ಇದ್ರ ಹೂವಿನ ಫೋಟೋ ತೆಗ್ದು ಕೊಡ್ತೀರಾ ವಿಮಲಕ್ಕ?"

ಕವರಿನಲ್ಲಿ ಬೆರಳುದ್ದದ, ಬಾಡಿದ ಒಂದೆರಡು ಹಸಿರು ಬತ್ತಿಗಳಿದ್ದವು. ಕಾಳುಮೆಣಸಿನ ತೆನೆ ಎಂದು ಗುರುತು ಸಿಕ್ಕಿತು. "ಹೂವೆಲ್ಲಿದೆ ಇದ್ರಲ್ಲಿ?" ಎಂದು ಕೇಳಿದೆ.

"ಇದ್ರ ಮೈತುಂಬ ಇರೋದು ಹೂವೇ. ಕಣ್ಣಿಗೆ ಕಾಣಲ್ಲ ಅಷ್ಟೆ. ಅದ್ರಲ್ಲಿ ಗಂಡು ಭಾಗ ಇದ್ಯೋ ಇಲ್ವೋ ಅಂತ ನಂಗೆ ಗೊತ್ತಾಗ್ಬೇಕು. ಇಲ್ದಿದ್ರೆ ನಮ್ಮನೆಯವ್ರು ಅಷ್ಟೂ ಬಳ್ಳಿ ಕಡಿಸ್ತಾರೆ."

ಬಾಡಿದ ತೆನೆಯಲ್ಲಿ ಏನೂ ಕಾಣುವಂತಿರಲಿಲ್ಲ. ಎಲ್ಲ ಕಂದಿ ಹೋಗಿತ್ತು. ಬಳ್ಳಿಯ ಮೇಲೆ ಇರುವಾಗಲೇ ತೆಗೆಯಬೇಕು ಎಂದೆ. ಮರುದಿನ ಸ್ಕೂಟರಿನಲ್ಲಿ ಸೀತೂರಿಗೆ ಹೋದೆ.

ಸುಮಿತ್ರ ಮತ್ತು ಅವರ ಗಂಡ ನಾಗೇಶ ಮನೆಯ ಮೇಲಿನ ಗುಡ್ಡದ ಇಳಿಜಾರಿನಲ್ಲಿ ಸಿಲ್ವರ್ ಓಕ್ ಮರಗಳಿಗೆ ಮೆಣಸು ಹಬ್ಬಿಸಿದ್ದರು. ನೂರರ ಹತ್ತಿರ ಬಳ್ಳಿಗಳು, ಎಲ್ಲವೂ ಕಡುಹಸಿರಾಗಿ, ಆಳೆತ್ತರ ದಾಟಿ ಮೇಲೆ ಹೋಗಿದ್ದವು. ನೋಡಿದವರು ಮೆಚ್ಚಬೇಕು. ಆದರೆ ಮೂರು ಮಳೆಗಾಲದಿಂದ ತೆನೆ ಬರುವುದು, ಕಾಳು ಕಟ್ಟುವ ಮೊದಲೇ ಉದುರುವುದು, ಇದೇ ಆಗಿತ್ತು. ಬುಡದಲ್ಲಿ ಹಸಿರು ತೆನೆಗಳು ಕಸದಂತೆ ಬಿದ್ದಿದ್ದವು.

ನಾಗೇಶ ನೇರ ಮಾತಿನ ಮನುಷ್ಯ. "ಮೆಣಸಿನಲ್ಲಿ ಬರೀ ಹೆಣ್ಣು ಹೂವಿನ ಬಳ್ಳಿ ಅಂತ ಇರ್ತದೆ ಮಾರಾಯ್ರೆ. ಕಾಡುಬಳ್ಳಿಯಲ್ಲಿ ಅದೇ ಜಾಸ್ತಿ. ಗಂಡು ಭಾಗ ಇಲ್ದಿದ್ರೆ ಕಾಳು ಎಲ್ಲಿಂದ ಕಟ್ತದೆ? ಈ ಸೋಮವಾರ ಆಳು ಬರ್ತಾರೆ. ಬುಡಕ್ಕೆ ಕಡಿದು ಬೇರೆ ತಳಿ ಹಾಕೋದು. ಇನ್ನೂ ಕಾಯ್ತಾ ಕೂತ್ರೆ ನಮಗೇ ಪ್ರಾಯ ಆಗ್ತದೆ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾವು ಬೆಳೆಸುವ ಮೆಣಸಿನ ಒಳ್ಳೆಯ ತಳಿಗಳಲ್ಲಿ ಒಂದೇ ಹೂವಿನಲ್ಲಿ ಹೆಣ್ಣು ಭಾಗವೂ ಗಂಡು ಭಾಗವೂ ಇರುತ್ತವೆ. ಗಂಡು ಭಾಗವಿಲ್ಲದ ಬಳ್ಳಿ ಹಬ್ಬುತ್ತದೆ, ಹೂ ಬಿಡುತ್ತದೆ, ಫಲ ಕೊಡುವುದಿಲ್ಲ.

ಬಿದಿರಿನ ಕಡ್ಡಿಯೊಂದನ್ನು ನೆಲಕ್ಕೆ ಊರಿ, ಅದರ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಕಟ್ಟಿ, ತೆನೆ ಅಲುಗಾಡದಂತೆ ಮೆಲ್ಲಗೆ ಹಿಡಿಸಿದೆ. ಮೂರೂ ಟ್ಯೂಬ್ ಜೋಡಿಸಿದೆ. ಟ್ಯೂಬ್ ಹಾಕಿದಾಗ ಲೆನ್ಸು ಹೂವಿಗೆ ಎಷ್ಟು ಹತ್ತಿರ ಬರುತ್ತದೆಂದರೆ ಅದರ ನೆರಳೇ ಹೂವಿನ ಮೇಲೆ ಬೀಳುತ್ತದೆ. ಅದಕ್ಕೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ, ಮುಂದೆ ಬಟರ್ ಪೇಪರ್ ಕಟ್ಟಿ, ಪಕ್ಕದಿಂದ ಹಿಡಿಯಬೇಕು. ಸುಮಿತ್ರ ಫ್ಲ್ಯಾಶ್ ಹಿಡಿದರು. ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸುತ್ತ, ಸರಿ ಅನ್ನಿಸಿದ ಕ್ಷಣ ಒತ್ತಬೇಕು. ಕಾಲಿಗೆ ಇಂಬಳ ಹತ್ತಿ ರಕ್ತ ಹೀರಿದರೂ ಬಗ್ಗುವಂತಿಲ್ಲ.

ಹಲವು ಫೋಟೋ ಹಾಳಾದ ಮೇಲೆ ಒಂದು ಚೆನ್ನಾಗಿ ಬಂತು. ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಹಸಿರು ಬತ್ತಿಯ ಮೈಮೇಲೆ ಸಾಲಾಗಿ ಪುಟ್ಟ ಬಿಳಿ ನಕ್ಷತ್ರಗಳು. ಅವು ಹೂವಿನ ಶಲಾಕಾಗ್ರಗಳು, ಅಂದರೆ ಪರಾಗವನ್ನು ಹಿಡಿದುಕೊಳ್ಳುವ ಹೆಣ್ಣು ಭಾಗ. ಅವುಗಳ ಪಕ್ಕದಲ್ಲಿ ಪರಾಗದ ಚೀಲಗಳಿರಬೇಕಿತ್ತು. ಇರಲಿಲ್ಲ. ಬೇರೆ ಬೇರೆ ಬಳ್ಳಿಗಳಲ್ಲಿ ತೆಗೆದೆ. ಎಲ್ಲ ಕಡೆ ಬರೀ ನಕ್ಷತ್ರ.

ನಾಗೇಶ ಪರದೆಯಿಂದ ತಲೆ ಎತ್ತಿ, "ಕಂಡ್ತಲ್ಲ, ಇನ್ನೆಂತ?" ಎಂದು ಹೇಳಿ ಕೆಳಗೆ ಇಳಿದು ಹೋದರು.

ಸುಮಿತ್ರ ಫ್ಲ್ಯಾಶನ್ನು ಹಿಡಿದುಕೊಂಡೇ ನಿಂತಿದ್ದರು. ಬಳ್ಳಿ ಹೋಗುವ ದುಃಖ ಎಂದುಕೊಂಡು ನಾನು ಏನೋ ಸಮಾಧಾನ ಹೇಳಹೊರಟೆ. ಆಗ ಅವರು ಹೇಳಿದ ಸಂಗತಿ ಬೇರೆ.

ಆ ಬಳ್ಳಿಗಳು ಶೃಂಗೇರಿ ಕಡೆ ಇರುವ ಅವರ ಅಕ್ಕ ಜಯಂತಿಯ ಮನೆಯವು. ಜಯಂತಿ ಒಳ್ಳೆಯ ಬಳ್ಳಿ ನೋಡಿ ಕತ್ತರಿಸಿ, ಒಂದು ಬೇಸಿಗೆ ಪೂರ್ತಿ ನೀರು ಹೊತ್ತು ಹಾಕಿ, ಕವರುಗಳಲ್ಲಿ ಬೇರು ಬರಿಸಿ ತಂಗಿಗೆ ಕಳಿಸಿದ್ದರು. ಹಿಂದಿನ ವರ್ಷ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಯಾರೋ ಮೆಣಸಿನ ಬಗ್ಗೆ ಕೇಳಿದಾಗ ನಾಗೇಶ ನಗುತ್ತಲೇ, "ಅತ್ತಿಗೆ ಕೊಟ್ಟಿದ್ದು ಬಂಜೆ ಬಳ್ಳಿ" ಎಂದುಬಿಟ್ಟರು. ಜಯಂತಿ ಎದುರಿನ ಸಾಲಿನಲ್ಲೇ ಕೂತಿದ್ದರು. ಅವರಿಗೆ ಮಕ್ಕಳಿಲ್ಲ.

"ಅಕ್ಕ ಅರ್ಧ ಊಟಕ್ಕೇ ಎದ್ದು ಹೋದ್ಲು," ಎಂದರು ಸುಮಿತ್ರ. "ನಾ ಫೋನ್ ಮಾಡಿ, ಇವ್ರು ಬಳ್ಳಿ ಬಗ್ಗೆ ಹೇಳಿದ್ದು ಕಣೇ ಅಂದೆ. ಬಳ್ಳಿ ಸರಿ ಇದೆ, ನೀವು ನೋಡ್ಕೊಂಡಿದ್ದು ಸರಿ ಇಲ್ಲ ಅಂದ್ಲು. ನಂಗೂ ಸಿಟ್ಟು ಬಂತು. ಅಲ್ಲಿಗೆ ಮಾತು ನಿಂತೋಯ್ತು. ಈಗ ಬಳ್ಳಿನೂ ಕಡಿದ್ರೆ ಇನ್ನೆಂತ ಉಳೀತದೆ ವಿಮಲಕ್ಕ?"

ನನ್ನ ವೃತ್ತಿಯಲ್ಲಿ ಮದುವೆ ಮನೆಗಳ ಜಗಳ ಬೇಕಾದಷ್ಟು ನೋಡಿದ್ದೇನೆ. ಕೇಳಿಸದವಳಂತೆ ಕ್ಯಾಮೆರಾದಲ್ಲಿ ಮುಖ ಹುದುಗಿಸುವುದು ನಮಗೆ ರೂಢಿ. ಆ ದಿನ ಹಾಗಿರಲು ಆಗಲಿಲ್ಲ. ನನ್ನ ಕ್ಯಾಮೆರಾದ ಚಿತ್ರವೇ ಆಗ ತೀರ್ಪಾಗಿ ಹೋಗುತ್ತಿತ್ತು.

ಸ್ಟುಡಿಯೋಕ್ಕೆ ಬಂದು ಫೋಟೋಗಳನ್ನು ಪ್ರಭಾಕರ್ ಸರ್‌ಗೆ ವಾಟ್ಸಾಪಿನಲ್ಲಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರದೇ ಫೋನ್ ಬಂತು.

"ಇದು ತೆನೆಯ ಯಾವ ಭಾಗ?"

"ನಡು. ಕೆಲವು ತುದಿ ಕಡೆ."

"ಹಾಗಾದ್ರೆ ಈಗಲೇ ಏನೂ ಹೇಳೋಕಾಗಲ್ಲ. ಮೆಣಸಿನ ಹೂವಲ್ಲಿ ಮೊದಲು ಹೊರಗೆ ಬರೋದು ಶಲಾಕಾಗ್ರ. ಪರಾಗದ ಚೀಲ ಬರೋದು ಕೆಲವು ದಿನ ಬಿಟ್ಟು. ಹೂವು ಅರಳೋದು ತೆನೆಯ ಬುಡದಿಂದ ತುದಿ ಕಡೆಗೆ. ಒಂದೇ ತೆನೆಯನ್ನ ಗುರುತು ಮಾಡ್ಕೊಂಡು, ತೊಟ್ಟಿನ ಹತ್ತಿರ, ದಿನಾ ತೆಗೀರಿ. ಅದಕ್ಕೆ ಮುಂಚೆ ಕಡಿಯೋದು ಬೇಡ ಅಂತ ಹೇಳಿ."

ಸೋಮವಾರಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನ ಸೀತೂರಿಗೆ ಹೋಗಿ ಬೇರೆ ಬೇರೆ ಬಳ್ಳಿಗಳಲ್ಲಿ ಎಳೆಯ ತೆನೆಗಳನ್ನು ಆರಿಸಿ ಕೆಂಪು ದಾರ ಕಟ್ಟಿದೆ. ನಾಗೇಶ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಸರ್ ಹೇಳಿದ್ದನ್ನು ತಿಳಿಸಿದೆ. "ಆಯ್ತು, ನಿಮ್ಮ ಕೆಲಸ ನೀವು ಮಾಡಿ. ಆಳಿಗೆ ಹೇಳಿಯಾಗಿದೆ, ಅವರು ಸೋಮವಾರ ಬಂದೇ ಬರ್ತಾರೆ," ಎಂದರು.

ಶುಕ್ರವಾರ, ಶನಿವಾರ ಎರಡೂ ದಿನ ಮಳೆ ಬಿಡಲಿಲ್ಲ. ಸುಮಿತ್ರ ದೊಡ್ಡ ಕೊಡೆ ಹಿಡಿದರು, ನಾನು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡೆ. ಮಳೆಯನ್ನು ಹೇಗೋ ತಡೆಯಬಹುದು, ಗಾಳಿಯನ್ನು ತಡೆಯಲಾಗುವುದಿಲ್ಲ. ಬಳ್ಳಿಯೇ ಮರದ ಜೊತೆ ತೂಗುತ್ತಿದ್ದಾಗ ಕ್ಲಿಪ್ಪಿನಿಂದ ಏನು ಪ್ರಯೋಜನ? ತೆನೆಯ ಮೇಲೆ ಕೂತ ಹನಿಗಳು ಫ್ಲ್ಯಾಶಿನ ಬೆಳಕಿಗೆ ಹೊಳೆದು ಎಲ್ಲವನ್ನೂ ಮುಚ್ಚಿಬಿಡುತ್ತಿದ್ದವು. ಒಂದು ಫೋಟೋದಲ್ಲಿ ನಕ್ಷತ್ರದ ಪಕ್ಕ ಏನೋ ಬೆಳ್ಳಗೆ ಕಂಡಿತು. ದೊಡ್ಡದು ಮಾಡಿದರೆ ನೀರಿನ ಹನಿ. ಸುಮಿತ್ರ ಅದನ್ನೇ ನೋಡಿ "ಇದಾ? ಇದೇನಾ?" ಎಂದು ಕೇಳಿದಾಗ "ಅಲ್ಲ" ಎನ್ನುವುದು ನನಗೆ ಕಷ್ಟವಾಯಿತು. ಹೌದು ಎಂದಿದ್ದರೆ ಆಕೆ ನಂಬುತ್ತಿದ್ದರು. ನಾಗೇಶರೂ ನಂಬುತ್ತಿದ್ದರೋ ಏನೋ. ಆದರೆ ಕ್ಯಾಮೆರಾ ಹಿಡಿದವಳು ಕಾಣದ್ದನ್ನು ಕಂಡೆ ಎಂದು ಹೇಳಬಾರದು.

ಭಾನುವಾರ ಗಾಳಿಗೆ ಮರ ಬಿದ್ದು ರಸ್ತೆ ಬಂದ್ ಆಗಿ ಹೋಗಲಾಗಲಿಲ್ಲ. ಸೋಮವಾರ ಬೆಳಿಗ್ಗೆ ನಾನು ತಲುಪುವಷ್ಟರಲ್ಲಿ ಕತ್ತಿ ಹಿಡಿದ ಇಬ್ಬರು ಆಳುಗಳು ಅಂಗಳದಲ್ಲಿ ತಿಂಡಿ ತಿನ್ನುತ್ತಿದ್ದರು. ಮಳೆ ಹೊಳವಾಗಿತ್ತು. ಮೋಡ ತೆಳುವಾಗಿ, ಗಾಳಿ ಪೂರ್ತಿ ನಿಂತಿತ್ತು. ನಾನು ಯಾರನ್ನೂ ಮಾತಾಡಿಸದೆ ನೇರ ಗುಡ್ಡ ಹತ್ತಿದೆ. ಸುಮಿತ್ರ ಹಿಂದೆಯೇ ಬಂದರು.

ಮೊದಲನೇ ಕೆಂಪು ದಾರದ ತೆನೆಗೆ ಕ್ಲಿಪ್ ಹಾಕಿ ತೊಟ್ಟಿನ ಹತ್ತಿರ ಫೋಕಸ್ ಮಾಡಿದೆ. ನಕ್ಷತ್ರಗಳು ಅಲ್ಲಿ ಕಂದುಬಣ್ಣಕ್ಕೆ ತಿರುಗಿದ್ದವು. ಮೈಯನ್ನು ಒಂದು ಕೂದಲಷ್ಟು ಹಿಂದೆ ಸರಿಸಿದೆ. ನಕ್ಷತ್ರದ ಎರಡೂ ಪಕ್ಕದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಕೆನೆಬಣ್ಣದ ಗುಂಡುಗಳು ವ್ಯೂಫೈಂಡರಿನಲ್ಲಿ ಮೂಡಿದವು. ಒಂದು ಬಾಯಿಬಿಟ್ಟಿತ್ತು. ಅಂಚಿನಲ್ಲಿ ಹಿಟ್ಟು ಚೆಲ್ಲಿದಂತೆ ಪರಾಗ.

ಮೊದಲನೇ ಫೋಟೋ ಫೋಕಸ್ ತಪ್ಪಿ ಕೆಟ್ಟಿತು. ಎರಡನೆಯದು ಸರಿಯಾಗಿ ಬಂತು. ಫೋನ್ ಮಾಡಿದ ದಿನ ಸರ್ ಮೊಬೈಲಿಗೆ ಕಳಿಸಿದ್ದ ಪಠ್ಯಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಿದೆ. ಸಂಶಯವೇ ಇರಲಿಲ್ಲ.

"ಸುಮಿತ್ರ, ನಿಮ್ಮನೆಯವ್ರನ್ನ ಕರೀರಿ."

ನಾಗೇಶ ಬಂದು ಪರದೆ ನೋಡಿದರು. ಮತ್ತೆ ತೆನೆ ನೋಡಿದರು. "ಇದು ಇದೇ ಬಳ್ಳಿದಾ? ಬೇರೆ ಎಲ್ಲಿದೋ ಅಲ್ಲ ತಾನೆ?" ಎಂದರು. ನಾನು ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದೆ. ಅವರು ಒಂದು ಕಣ್ಣು ಮುಚ್ಚಿ ವ್ಯೂಫೈಂಡರಿಗೆ ಕಣ್ಣಿಟ್ಟರು. ಮೊದಲು ಏನೂ ಕಾಣಲಿಲ್ಲ ಎಂದರು. ಉಸಿರು ಬಿಗಿಹಿಡಿದು ಸ್ವಲ್ಪ ಮುಂದೆ ಬನ್ನಿ ಎಂದೆ. ಬಂದರು. ಬಹಳ ಹೊತ್ತು ಹಾಗೇ ಇದ್ದರು.

"ಇಷ್ಟು ಸಣ್ಣದ್ದು ಮಾರಾಯ್ರೆ," ಎಂದರು ಕಡೆಗೆ.

ಅವರು ಒಪ್ಪಿ ಆಳುಗಳನ್ನು ವಾಪಸ್ ಕಳಿಸಿದರೂ ನನಗೆ ಸಾಕಾಗಲಿಲ್ಲ. ದಾರ ಕಟ್ಟಿದ ಅಷ್ಟೂ ತೆನೆಗಳನ್ನು ಒಂದೊಂದಾಗಿ ತೆಗೆದೆ. ಕೆಲವುಗಳಲ್ಲಿ ಪರಾಗದ ಚೀಲ ಒಡೆದಿತ್ತು, ಕೆಲವುಗಳಲ್ಲಿ ಆಗಷ್ಟೇ ಇಣುಕುತ್ತಿತ್ತು. ಮೂಲೆಯ ಒಂದು ಬಳ್ಳಿಯಲ್ಲಿ ಮಾತ್ರ ಅಂದೂ ಕಾಣಲಿಲ್ಲ, ಮುಂದಿನ ವಾರವೂ ಕಾಣಲಿಲ್ಲ. ಅದೊಂದು ನಿಜಕ್ಕೂ ಹೆಣ್ಣು ಬಳ್ಳಿ. ಅದನ್ನು ನಾಗೇಶ ಆಮೇಲೆ ಕಡಿದರು. ಸುಮಿತ್ರ ಅಡ್ಡ ಬರಲಿಲ್ಲ.

ಹಾಗಾದರೆ ತೆನೆ ಉದುರುವುದೇಕೆ? ತೋಟದ ದೂರದ ಫೋಟೋಗಳನ್ನು ನೋಡಿದ ಪ್ರಭಾಕರ್ ಸರ್, ನೆರಳು ವಿಪರೀತವಾದಂತಿದೆ, ತೋಟಗಾರಿಕೆ ಇಲಾಖೆಯವರಿಗೆ ಒಮ್ಮೆ ತೋರಿಸಿ ಎಂದಿದ್ದರು. ಬಂದ ಅಧಿಕಾರಿಯೂ ಅದನ್ನೇ ಹೇಳಿದರು. ಮರದ ಕೊಂಬೆ ಸವರಿ ಬೆಳಕು ಬಿಡಿ, ಬೇಸಿಗೆಯ ಕೊನೆಗೆ ಮಳೆ ತಡವಾದರೆ ನೀರು ಕೊಡಿ ಎಂದು ಹೇಳಿ ಹೋದರು. ಬಳ್ಳಿ ಕಡಿಯಲು ಬಂದಿದ್ದ ಆಳುಗಳೇ ಮತ್ತೆ ಬಂದು ಕೊಂಬೆ ಸವರಿದರು. ಮುಂದಿನ ವರ್ಷ ಕಾಳು ಕಟ್ಟಿತು. ಎಲ್ಲ ಬಳ್ಳಿಯಲ್ಲೂ ಅಲ್ಲ, ತುಂಬ ಜೋರಾಗಿಯೂ ಅಲ್ಲ. ಅದರ ಮುಂದಿನ ವರ್ಷ ಚೆನ್ನಾಗಿ ಬಂತು.

ಆದರೆ ನಾನು ಹೇಳಹೊರಟದ್ದು ಅಲ್ಲಿಗೆ ಮುಗಿಯಲಿಲ್ಲ. ಆ ಸೋಮವಾರ ಗುಡ್ಡದ ಮೇಲೆ ನಿಂತುಕೊಂಡೇ ಸುಮಿತ್ರ ಅಕ್ಕನಿಗೆ ಫೋನ್ ಮಾಡಿದ್ದರು. ಸಿಗ್ನಲ್ ಸಿಗುವುದು ಅಲ್ಲೇ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಅಕ್ಕಾ, ಬಳ್ಳಿ ಸರಿಯಾಗಿದೆ. ವಿಮಲಕ್ಕ ಫೋಟೋ ತೆಗ್ದಿದಾರೆ. ಹೂವಲ್ಲಿ ಎರಡೂ ಇದೆ. ನೀನು ಹೇಳಿದ್ದೇ ಸರಿ."

ಆ ಕಡೆಯಿಂದ ಶಾಂತವಾಗಿ, "ನಾ ಹೇಳಿದ್ದು ಸಾಲ್ಲಿಲ್ಲ, ಫೋಟೋ ಬೇಕಾಯ್ತು ನಿಂಗೆ" ಎಂಬ ಮಾತು ಬಂತು. ಫೋನ್ ಕಟ್ ಆಯಿತು.

ಸುಮಿತ್ರ ಫೋನನ್ನೇ ನೋಡುತ್ತ ನಿಂತರು. ಅಷ್ಟು ದಿನ ನಾವಿಬ್ಬರೂ ಫೋಟೋ ಒಂದು ಬಂದರೆ ಎಲ್ಲ ಸರಿಹೋಗುತ್ತದೆ ಎಂದೇ ನಂಬಿದ್ದೆವು.

ಶ್ರಾವಣ ಕಳೆಯುವ ಹೊತ್ತಿಗೆ ಒಂದು ಮಧ್ಯಾಹ್ನ ಐವತ್ತು ದಾಟಿದ ಹೆಂಗಸೊಬ್ಬರು ಸ್ಟುಡಿಯೋಕ್ಕೆ ಬಂದರು. ಶೃಂಗೇರಿ ಬಸ್ಸಿನಿಂದ ಇಳಿದು ಬಂದಿದ್ದರು. ಒದ್ದೆ ಕೊಡೆಯನ್ನು ಬಾಗಿಲ ಹೊರಗೇ ಇಟ್ಟು, "ಮೆಣಸಿನ ಹೂವಿನ ಫೋಟೋ ತೆಗ್ದವ್ರು ನೀವೇನಾ?" ಎಂದು ಕೇಳಿದರು.

"ಹೌದು. ನೀವು ಜಯಂತಕ್ಕ ಅಲ್ವಾ?"

ಅವರು ತಲೆಯಾಡಿಸಿದರು. "ಇಷ್ಟು ವರ್ಷ ಬಳ್ಳಿ ಬೆಳೆಸಿದೀನಿ, ಹೂವು ಹೆಂಗಿರ್ತದೆ ಅಂತ ನೋಡಿಲ್ಲ. ತೋರಿಸ್ತೀರಾ?"

ಕಂಪ್ಯೂಟರಿನಲ್ಲಿ ಮೊದಲ ದಿನದಿಂದ ತೆಗೆದ ಎಲ್ಲವನ್ನೂ ವರಸೆಯಾಗಿ ತೋರಿಸಿದೆ. ಬರೀ ನಕ್ಷತ್ರಗಳು, ಅಲುಗಾಡಿ ಕೆಟ್ಟವು, ಮಳೆಹನಿ ಮುಚ್ಚಿದವು. ಕೆಲವುಗಳಲ್ಲಿ ಕೊಡೆ ಹಿಡಿದ ಸುಮಿತ್ರರ ಕೈ ಅಂಚಿಗೆ ಬಂದಿತ್ತು. ಒಂದರಲ್ಲಿ, ನಾನು ಟ್ಯೂಬ್ ಬಿಚ್ಚಿ ತೆಗೆದದ್ದು, ಆಕೆ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು, ಮೊಣಕಾಲವರೆಗೆ ಕೆಸರಾಗಿ, ಎರಡೂ ಕೈಯಲ್ಲಿ ತೆನೆಯನ್ನು ಗಾಳಿಯಿಂದ ಮರೆಮಾಡಿ ನಿಂತಿದ್ದರು. ಜಯಂತಿ ಹೂವಿನ ಫೋಟೋಗಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದರು.

"ಇದು ಯಾವತ್ತಿಂದು?"

"ಸುಮಿತ್ರ ನಿಮಗೆ ಫೋನ್ ಮಾಡೋಕೆ ಮುಂಚಿನದು. ಗಂಡು ಭಾಗ ಕಂಡಿರಲಿಲ್ಲ ಅವತ್ತು."

"ಇದೆ ಅಂತ ಗೊತ್ತಾಗೋಕೆ ಮುಂಚೆನೇ ಹಿಂಗೆ ನಿಂತಿದ್ಲಾ?"

"ದಿನಾ ನಿಂತಿದ್ರು."

ಜಯಂತಿ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡರು. "ಸೀತೂರಿಗೆ ಈಗ ಬಸ್ಸಿದ್ಯಾ?" ಎಂದರು. ಬಸ್ಸಿಗೆ ಹೊತ್ತಿತ್ತು. ಅಂಗಡಿಗೆ ಬಾಗಿಲು ಹಾಕಿ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ.

ಅಂಗಳದಲ್ಲಿ ಅಕ್ಕನನ್ನು ಕಂಡ ಸುಮಿತ್ರ ಕೈಯಲ್ಲಿದ್ದ ಕೊಡಪಾನ ಕೆಳಗಿಟ್ಟು, "ಬಾ" ಎಂದರು. ಅಷ್ಟೇ. ನಾಗೇಶ ಒಳಗಿನಿಂದ ಬಂದವರು ಜಗಲಿಯ ಕಂಬ ಹಿಡಿದು ನಿಂತರು.

"ಅತ್ತಿಗೆ, ಅವತ್ತು ಪಂಕ್ತಿಯಲ್ಲಿ ಆ ಮಾತು ನಾನು ಆಡ್ಬಾರ್ದಿತ್ತು. ನಾ ಬಳ್ಳಿಗೆ ಹೇಳಿದ್ದು."

"ಬಳ್ಳಿಗೆ ಹೇಳಿದ್ದು ಅಂತ ನಂಗೂ ಗೊತ್ತಿತ್ತು ನಾಗೇಶ," ಎಂದರು ಜಯಂತಿ. "ಆದ್ರೆ ಅಲ್ಲಿ ಕೂತಿದ್ದವಳು ನಾನು."

ನಾಗೇಶ ತಲೆ ತಗ್ಗಿಸಿದರು. ಅಕ್ಕ ತಂಗಿ ಇಬ್ಬರೂ ಗುಡ್ಡದ ಕಡೆ ಹೋದರು. ನಾಗೇಶ ಒಳಗೆ ಹೋಗಿ ತಾವೇ ಕಾಫಿ ಮಾಡಿ ತಂದರು. ಅದಕ್ಕೆ ಸಕ್ಕರೆ ಹಾಕಲು ಮರೆತಿದ್ದರು. ನಾನು ಹಾಗೇ ಕುಡಿದೆ.

ಮೊಣಕಾಲು ಕೈಕೊಟ್ಟ ಮೇಲೆ ಮದುವೆ ಕೆಲಸ ಬಿಟ್ಟಿದ್ದೇನೆ, ಸ್ಟುಡಿಯೋ ಬೇರೆಯವರಿಗೆ ವಹಿಸಿದ್ದೇನೆ. ಹೂವಿನ ಫೋಟೋ ಮಾತ್ರ ನಡೆದಿದೆ. ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಸೀತೂರಿನ ಗುಡ್ಡದ್ದು. ಫೋಟೋ ಸುಳ್ಳು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ನಾನು ಮೊದಲ ದಿನ ತೆಗೆದ ಚಿತ್ರವೂ ಸುಳ್ಳು ಹೇಳಿರಲಿಲ್ಲ. ಅದು ಆ ಹೂವಿನ ಆ ಹೊತ್ತಿನ ಮಾತು ಮಾತ್ರ. ಉಳಿದದ್ದು ಇನ್ನೂ ಹೊರಗೆ ಬಂದಿರಲಿಲ್ಲ. ಹೂವಿಗೆ ಹತ್ತಿರ ಹೋಗಲು ಗಾಜಿಲ್ಲದ ಮೂರು ಬಳೆ ಸಾಕಾಯಿತು, ಅದರ ಪೂರ್ತಿ ರೂಪ ಕಾಣಲು ಮಳೆಯಲ್ಲಿ ಮತ್ತೆ ಮತ್ತೆ ಗುಡ್ಡ ಹತ್ತಬೇಕಾಯಿತು.

ಈಗಲೂ ಯಾರಾದರೂ ಗಿಡವೋ, ಗಾಯವೋ, ಬೇಲಿಯ ಗಡಿಯೋ ತೋರಿಸಿ, ಇದರದೊಂದು ಫೋಟೋ ತೆಗೆದುಕೊಡಿ, ಜಗಳ ತೀರಲಿ ಎಂದರೆ, ತೆಗೆದುಕೊಡುತ್ತೇನೆ. ಆದರೆ ಕ್ಯಾಮೆರಾ ಚೀಲಕ್ಕೆ ಹಾಕುವ ಮೊದಲು ಒಂದು ಮಾತು ಕೇಳುತ್ತೇನೆ: "ನಾಳೆ ಇನ್ನೊಂದು ಸಲ ಬರಬಹುದಾ?"